ಬಾಳೆಗಿಡಕ್ಕೆ ಹೊಯ್ದ ಮೀನೆಣ್ಣೆ

ನನ್ನ ತಂಗಿ ಪದ್ದುವಿಗೆ ದಿನವೂ ಬೆಳಿಗ್ಗೆ ಮೀನೆಣ್ಣೆ ಕುಡಿಸುವ ಕೆಲಸ ನನ್ನದಾಗಿತ್ತು. ನಾನು ಕುಡಿಸಲಿಲ್ಲ. ಬಚ್ಚಲಮನೆಯ ಹಿಂದಿದ್ದ ಬಾಳೆಗಿಡದ ಬುಡಕ್ಕೆ ಹೊಯ್ದು, ಕುಡಿಸಿದೆ ಎಂದು ಅಮ್ಮನಿಗೆ ಹೇಳುತ್ತಿದ್ದೆ. ಪದ್ದುವಿನ ಕಾಲುಗಳು ಬಾಗಿದ್ದು ಬಾಗಿದಂತೆಯೇ ಉಳಿದವು. ಇದನ್ನು ಮೊದಲೇ ಬರೆದುಬಿಡುತ್ತೇನೆ. ನಾನು ಹೆಚ್ಚು ಓದಿದವಳಲ್ಲ, ವಿಷಯವನ್ನು ಹಿಂದುಮುಂದು ಮಾಡಿ ಜೋಡಿಸಲು ನನಗೆ ಬರುವುದಿಲ್ಲ. ಅಲ್ಲದೆ ನಮ್ಮ ಹಳೆಯ ಮನೆಯ ಮಾತು ಬಂದಾಗಲೆಲ್ಲ ನಾನು ಒಳ್ಳೆಯ ಅಕ್ಕನಾಗಿಬಿಡುತ್ತೇನೆ. ತಂಗಿಯನ್ನು ಸೊಂಟದ ಮೇಲೆ ಹೊತ್ತು ಶಾಲೆಗೆ ಬಿಟ್ಟುಬಂದವಳು ಎಂದು ಕೇಳಿದವರು ತಲೆದೂಗುತ್ತಾರೆ. ಹೊತ್ತದ್ದು ನಿಜ. ಏಕೆ ಹೊರಬೇಕಾಯಿತು ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ.

ನಾವು ಜಯನಗರಕ್ಕೆ ಬಂದಾಗ ಅಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಾಗಿದ್ದವು. ರಸ್ತೆಗಳನ್ನು ಮೊದಲೇ ಹಾಕಿಬಿಟ್ಟಿದ್ದರು. ಅವುಗಳ ಮೇಲೆ ಬೈರಸಂದ್ರದ ಎಮ್ಮೆಗಳು ನಡೆದುಹೋಗುತ್ತಿದ್ದವು. ನಮ್ಮದು ಮಂಗಳೂರು ಹೆಂಚಿನ ಸಣ್ಣ ಮನೆ. ಮುಂದೆ ವರಾಂಡ, ಅದನ್ನು ದಾಟಿದರೆ ಅಪ್ಪ ಹಾಲ್ ಎಂದೂ ಅಜ್ಜಿ ನಡುಮನೆ ಎಂದೂ ಕರೆಯುತ್ತಿದ್ದ ಕೋಣೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಮೂಲೆಯಲ್ಲೇ ದೇವರ ಗೂಡು. ಬಚ್ಚಲಮನೆ ಹಿತ್ತಿಲಿನಲ್ಲಿ ಬೇರೆಯಾಗಿತ್ತು. ಅಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ, ಪಕ್ಕದಲ್ಲಿ ಸೌದೆ, ಗೋಡೆಯಲ್ಲಿ ಸೀಗೆಪುಡಿಗೊಂದು ಗೂಡು. ಸ್ನಾನದ ನೀರು ಸಣ್ಣ ಕಾಲುವೆಯಲ್ಲಿ ಹರಿದು ಬಾಳೆಗಿಡಗಳಿಗೆ ಹೋಗುತ್ತಿತ್ತು. ಅಪ್ಪ ಸರ್ಕಾರಿ ಕಛೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಬೇಗ ಊಟ ಮುಗಿಸಿ ಸೈಕಲ್ಲು ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆ ನಡೆಯುತ್ತಿದ್ದುದು ಅಪ್ಪನ ತಾಯಿಯ ಮಾತಿನ ಮೇಲೆ. ಅಜ್ಜಿ ಮಡಿ ಹೆಂಗಸು. ಗಳುವಿನ ಮೇಲೆ ಒಣಗುತ್ತಿದ್ದ ಅವರ ಸೀರೆಯ ನೆರಳು ತುಳಿಯುವುದಕ್ಕೂ ನಾವು ಹೆದರುತ್ತಿದ್ದೆವು. ಅಮ್ಮ ಬೆಳಿಗ್ಗೆ ಮಿಂದು ಅಡುಗೆಮನೆ ಹೊಕ್ಕರೆ ಎಲ್ಲರ ಊಟ ಮುಗಿಯುವವರೆಗೆ ನಮ್ಮನ್ನೂ ಮುಟ್ಟುತ್ತಿರಲಿಲ್ಲ. ಪದ್ದು ಅತ್ತರೆ ಹೊಸಿಲಿನ ಆಚೆ ನಿಂತು ಮಾತಿನಲ್ಲೇ ಸಮಾಧಾನ ಮಾಡುತ್ತಿದ್ದಳು.

ಪದ್ದು ಹುಟ್ಟಿದ ಮೇಲೆ ನಾಯಿಕೆಮ್ಮು ಬಂದು ಬಹಳ ದಿನ ನರಳಿದಳು. ಗಾಳಿ ತಾಗಬಾರದು, ದೃಷ್ಟಿ ತಾಗಬಾರದು ಎಂದು ಅಜ್ಜಿ ಅವಳನ್ನು ನಡುಮನೆಯಿಂದ ಆಚೆಗೆ ಬಿಡುತ್ತಿರಲಿಲ್ಲ. ತಡವಾಗಿ ಎದ್ದು ನಿಂತಳು. ನಿಂತಾಗ ಕಾಲುಗಳು ಎರಡು ಕಡೆಗೆ ಬಿಲ್ಲಿನಂತೆ ಬಾಗಿದ್ದವು. ಅಪ್ಪ ಗಾಂಧಿಬಜಾರಿನ ಹತ್ತಿರದ ಒಬ್ಬ ಡಾಕ್ಟರಿಗೆ ತೋರಿಸಿದರು. ಎಲುಬು ಇನ್ನೂ ಮೆತ್ತಗಿದೆ, ಬಿಸಿಲಿನಲ್ಲಿ ಆಡಿಸಿ, ಶಾರ್ಕ್ ಮೀನಿನ ಎಣ್ಣೆ ತಪ್ಪದೆ ಕುಡಿಸಿ, ಬೆಳೆಯುತ್ತ ನೆಟ್ಟಗಾಗುತ್ತದೆ ಎಂದು ಅವರು ಹೇಳಿದರಂತೆ. ಆ ಸಂಜೆ ನಮ್ಮ ಮನೆಯಲ್ಲಿ ನಡೆದ ಜಗಳವನ್ನು ನಾನು ಮರೆತಿಲ್ಲ.

"ಮೀನು ಈ ಹೊಸಿಲು ದಾಟಿದ ದಿವಸ ನಾನು ಈ ಮನೇಲಿ ನೀರೂ ಮುಟ್ಟಲ್ಲ, ಹೇಳಿದೀನಿ."

"ಅಮ್ಮಾ, ಅದು ಔಷಧಿ."

"ಔಷಧಿ ಅಂದುಬಿಟ್ರೆ ಮೀನು ಬದನೇಕಾಯಿ ಆಗ್ಬಿಡುತ್ತೇನೋ?"

ಅಪ್ಪ ಅಜ್ಜಿಗೆ ಎದುರಾಡಿದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಅಂದು ಎದುರಾಡಿದರು. ಊಟವನ್ನೂ ಬಿಟ್ಟರು. ಕೊನೆಗೆ ಒಂದು ಒಪ್ಪಂದವಾಯಿತು. ಎಣ್ಣೆ ಮನೆಯೊಳಗೆ ಬರಕೂಡದು. ಬಚ್ಚಲಮನೆಯ ಗೂಡಿನಲ್ಲಿ, ಸೌದೆಯ ಮಗ್ಗುಲಲ್ಲಿ ಇರತಕ್ಕದ್ದು. ಅದಕ್ಕೆ ಬೇರೆ ಚಮಚ. ಮಡಿಯಲ್ಲಿರುವವರು ಅದನ್ನು ಮುಟ್ಟುವಂತಿಲ್ಲ. ಅಂದರೆ ಅಜ್ಜಿ ಮುಟ್ಟುವುದಿಲ್ಲ, ಅಡುಗೆ ಮಾಡುವ ಅಮ್ಮ ಮುಟ್ಟುವ ಹಾಗಿಲ್ಲ, ಅಪ್ಪನಿಗೆ ಕಛೇರಿಯ ಹೊತ್ತು. ಉಳಿದವಳು ನಾನು. ಕುಡಿಸಿ, ಮಗುವಿನ ಬಾಯಿ ತೊಳೆಸಿ, ಇಬ್ಬರೂ ತಲೆಗೆ ನೀರು ಹಾಕಿಕೊಂಡು ಲಂಗ ಬದಲಾಯಿಸಿ ಒಳಗೆ ಬರಬೇಕು. ಮೀನು ಎಂಬ ಮಾತನ್ನೂ ಮನೆಯಲ್ಲಿ ಆಡುವಂತಿರಲಿಲ್ಲ. "ಆ ಎಣ್ಣೆ" ಎನ್ನುತ್ತಿದ್ದೆವು.

ಎಣ್ಣೆಯನ್ನು ತಂದುಕೊಟ್ಟವನು ವಾಸು ಮಾವ, ಅಮ್ಮನ ತಮ್ಮ. ಮಲಬಾರಿನ ಕಡಲತಡಿಯಲ್ಲಿ ಮೀನಿನ ಪಿತ್ತಕೋಶದಿಂದ, ಅಲ್ಲ, ಯಕೃತ್ತಿನಿಂದ ಎಣ್ಣೆ ತೆಗೆಯುವ ಒಂದು ಕಾರ್ಖಾನೆಯಲ್ಲಿ ಅವನಿಗೆ ಲೆಕ್ಕ ಬರೆಯುವ ಕೆಲಸ. ಅದನ್ನು ಅಮ್ಮನ ತವರಿನವರು "ವಾಸು ಎಣ್ಣೆ ಮಿಲ್ಲಿನಲ್ಲಿದ್ದಾನೆ" ಎಂದಷ್ಟೇ ಹೇಳುತ್ತಿದ್ದರು. ಕೇಳಿದವರು ಕಡಲೆಕಾಯಿ ಎಣ್ಣೆ ಎಂದುಕೊಳ್ಳುತ್ತಿದ್ದರು. ಅವನು ಬಂದರೆ ಅಜ್ಜಿ ಹಿತ್ತಿಲಿನಿಂದಲೇ ಬರಹೇಳಿ, ಸ್ನಾನ ಮಾಡಿಸಿ, ವರಾಂಡದಲ್ಲಿ ಎಲೆ ಹಾಕಿಸುತ್ತಿದ್ದರು. ಅವನಿಗೆ ಬೇಸರವಿರಲಿಲ್ಲ. "ಅಮ್ಮಾ, ಇನ್ನೊಂದ್ಸಲ ಮುಳುಗೋದಕ್ಕೆ ಹೇಳಿದ್ರೆ ನನಗೂ ಈಜುರೆಕ್ಕೆ ಮೂಡುತ್ತೆ" ಎಂದು ನಗಿಸುತ್ತಿದ್ದ. ಊಟವಾದ ಮೇಲೆ ನಾನು ಅವನ ಪಕ್ಕ ಕುಳಿತು ಸಮುದ್ರದ ಕತೆ ಕೇಳುತ್ತಿದ್ದೆ. ನಮಗೆ ಸಮುದ್ರ ಎಂದರೆ ಲಾಲ್‌ಬಾಗಿನ ಕೆರೆಗಿಂತ ದೊಡ್ಡದು ಎಂಬಷ್ಟೇ ಗೊತ್ತು. ಶಾರ್ಕು ಎತ್ತಿನಗಾಡಿಯಷ್ಟು ಉದ್ದ ಇರುತ್ತದೆ, ಅದರ ಯಕೃತ್ತೊಂದೇ ಬುಟ್ಟಿ ತುಂಬುತ್ತದೆ, ಅದನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸಿದಾಗ ಎಣ್ಣೆ ಮೇಲೆ ತೇಲುತ್ತದೆ ಎಂದು ಹೇಳಿದ. ಬಾಗಿಲ ಮರೆಯಲ್ಲಿ ಅಜ್ಜಿಯೂ ಕೇಳಿಸಿಕೊಳ್ಳುತ್ತಿದ್ದರು.

"ಮೊದ್ಲೆಲ್ಲ ದಡದ ಹತ್ತಿರಾನೇ ಸಿಗ್ತಿತ್ತಂತೆ. ಈಗ ದೋಣಿಗಳು ಕಣ್ಣಿಗೆ ಕಾಣದಷ್ಟು ದೂರ ಹೋಗ್ತವೆ. ಅದು ಮೊಟ್ಟೆ ಇಡೋ ಮೀನಲ್ಲ ಲಲ್ಲಿ, ಎಷ್ಟೋ ಜಾತಿ ನಮ್ಮ ಹಾಗೇ ಮರಿ ಹಾಕುತ್ತೆ. ಒಂದೊಂದ್ಸಲ ಹೊಟ್ಟೆ ಸೀಳಿದ್ರೆ ಒಳಗೆ ಮರಿಗಳಿರ್ತವೆ" ಎಂದು ಮಾವ ನನಗೆ ಹೇಳಿದ.

"ಬಸುರೀನೂ ಬಿಡಲ್ವೇನೋ?" ಎಂದರು ಅಜ್ಜಿ, ಬಾಗಿಲಿನಿಂದ ಆಚೆ ಬಂದು.

"ಬಲೆಗೇನು ಗೊತ್ತಾಗುತ್ತಮ್ಮಾ."

"ಆ ಪಾಪ ಈ ಮಗೂನ ಸುತ್ಕೊಳ್ಳುತ್ತೆ, ನೋಡ್ತಿರು."

ಅಮ್ಮ ಅಡುಗೆಮನೆಯ ಹೊಸಿಲಲ್ಲಿ ನಿಂತಿದ್ದಳು. ಅಜ್ಜಿಯ ಮುಂದೆ ಅವಳು ಗಟ್ಟಿಯಾಗಿ ಮಾತಾಡುತ್ತಿದ್ದುದೇ ಅಪರೂಪ.

"ಆ ಪಾಪ ನನಗಿರಲಿ ಅತ್ತೆ. ಮಗು ನಡೀಲಿ."

ಬರೀ ಬಾಯಿಮಾತಿಗೆ ಹೇಳಿದ್ದಲ್ಲ. ಮರುದಿನದಿಂದ ಅಮ್ಮ ಅಡುಗೆಯಾದ ತಕ್ಷಣ, ಯಾರಿಗೂ ಬಡಿಸುವ ಮೊದಲು, ಒಂದು ಹಿಡಿ ಅನ್ನವನ್ನು ಉಂಡೆ ಮಾಡಿ ಹಿತ್ತಿಲಿನ ಗೋಡೆಯ ಮೇಲೆ ಕಾಗೆಗೆ ಇಡತೊಡಗಿದಳು. ನಮ್ಮಲ್ಲಿ ತಿಥಿಯ ದಿನ ಸತ್ತವರಿಗೆಂದು ಹಾಗೆ ಇಡುತ್ತಾರೆ. ಯಾರಿಗಮ್ಮ ಎಂದು ಕೇಳಿದರೆ "ಆ ಜೀವಕ್ಕೆ" ಎಂದಳು. ಇಡುವ ಮೊದಲು ನನ್ನನ್ನು ಕೇಳುತ್ತಿದ್ದಳು, "ಪದ್ದೂಗೆ ಕೊಟ್ಯಾ?" ನಾನು "ಕೊಟ್ಟೆ" ಎಂದ ಮೇಲೆ ಕೈಮುಗಿದು ಅನ್ನ ಇಡುತ್ತಿದ್ದಳು.

ಮೊದಮೊದಲು ನಿಜವಾಗಿಯೂ ಕೊಟ್ಟೆ. ಪದ್ದು ಮುಖ ಸಿಂಡರಿಸಿಕೊಂಡರೂ ನುಂಗುತ್ತಿದ್ದಳು. ತೊಂದರೆ ಇದ್ದದ್ದು ನನಗೆ. ಆ ವಾಸನೆ ಸೀಗೆಪುಡಿಗೆ ಹೋಗಲಿಲ್ಲ, ಹುಣಿಸೆಹಣ್ಣಿಗೂ ಹೋಗಲಿಲ್ಲ. ಬೆರಳ ಸಂದಿಯಲ್ಲಿ, ಜಡೆಯ ತುದಿಯಲ್ಲಿ ಉಳಿಯುತ್ತಿತ್ತು. ಶಾಲೆಯಲ್ಲಿ ನಮ್ಮ ಸಾಲಿನ ಹುಡುಗಿಯರು ಮೊದಲು ಮೂಗು ಹಿಂಡಿದರು, ಆಮೇಲೆ ಸರಿದು ಕುಳಿತರು.

"ಮೀನ್ ಮಾರ್ಕೆಟ್ ಬಂತು ಕಣ್ರೇ, ಜಾಗ ಬಿಡಿ."

"ಮನೇಲಿ ಮಡಿಯಂತೆ, ಕೈ ಮೂಸಿದ್ರೆ ಮತ್ತಿ ಮೀನು!"

ನಾನು ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅಪ್ಪ ಬೇರೆ ದಾರಿ ಹುಡುಕುತ್ತಿದ್ದರೇನೋ. ಒಂದು ಬೆಳಿಗ್ಗೆ ಬಾಟಲಿಯನ್ನು ಹಳೆಯ ಸೀರೆಯ ಚಿಂದಿಯಲ್ಲಿ ಹಿಡಿದು, ಕೈಗೆ ತಾಗದಂತೆ, ಒಂದು ಚಮಚದಷ್ಟು ಎಣ್ಣೆಯನ್ನು ಬಾಳೆಯ ಬುಡಕ್ಕೆ ಬಗ್ಗಿಸಿದೆ. ಪದ್ದುವಿನ ಬಾಯಿಗೆ ಒಂದು ಚೂರು ಬೆಲ್ಲ ಹಾಕಿದೆ. ಅವಳು ನಕ್ಕಳು. ಅಂದು ಶಾಲೆಯಲ್ಲಿ ಯಾರೂ ಸರಿದು ಕೂರಲಿಲ್ಲ. ಮರುದಿನವೂ ಹಾಗೆಯೇ ಮಾಡಿದೆ. ಆಮೇಲೆ ಅದೇ ಅಭ್ಯಾಸವಾಯಿತು. ಬೇಗ ಮುಗಿದರೆ ಪೀಡೆ ಕಳೆಯುತ್ತದೆ ಎಂದು ಕೆಲವು ದಿನ ಹೆಚ್ಚಾಗಿಯೇ ಬಗ್ಗಿಸಿದೆ. ಮಗು ಚೆನ್ನಾಗಿ ಕುಡಿಯುತ್ತಿದೆ ಎಂದು ಸಂತೋಷಪಟ್ಟು ಅಪ್ಪ ಮಾವನಿಗೆ ಬರೆದು ಇನ್ನೂ ತರಿಸಿದರು. ನನ್ನ ಮನಸ್ಸಿಗೆ ನಾನು ಹೇಳಿಕೊಂಡ ಸಮಾಧಾನವನ್ನೂ ಮುಚ್ಚಿಡುವುದಿಲ್ಲ. ಆ ಮೀನಿನ ಹೊಟ್ಟೆಯಲ್ಲಿ ಮರಿಗಳಿದ್ದವಂತೆ, ಅಂಥದ್ದನ್ನು ತಂಗಿಗೆ ಹೇಗೆ ಕುಡಿಸಲಿ ಎಂದು ಅಂದುಕೊಳ್ಳುತ್ತಿದ್ದೆ. ಅದು ದಯೆಯಾಗಿದ್ದರೆ ಮೊದಲ ದಿನವೇ ಬಾಯಿಬಿಟ್ಟು ಹೇಳುತ್ತಿದ್ದೆ. ಸತ್ತ ಮೀನು ನಾನು ಚೆಲ್ಲಿದ್ದರಿಂದ ಬದುಕಲಿಲ್ಲ. ಅದರ ಬದಲಿಗೆ ಇನ್ನೂ ಎಣ್ಣೆ ಬೇಕಾಯಿತು.

ಬಾಳೆಗಿಡ ಸೊಂಪಾಗಿ ಬೆಳೆಯಿತು. ಬೆಕ್ಕುಗಳು ಬಂದು ಅದರ ಬುಡವನ್ನು ಕೆರೆದು ನೆಕ್ಕುತ್ತಿದ್ದವು. "ಈ ಹಾಳು ಬೆಕ್ಕುಗಳಿಗೆ ಬಾಳೆಗಿಡದಲ್ಲಿ ಏನಿಟ್ಟಿದೆಯೋ" ಎಂದು ಅಜ್ಜಿ ಕೋಲು ಹಿಡಿದು ಓಡಿಸುತ್ತಿದ್ದರು. ಆಮೇಲೆ ಅದೇ ಗಿಡದ ಎಲೆಯನ್ನು ಕೊಯ್ದು, ತೊಳೆದು, ಮಡಿಯಲ್ಲಿ ಊಟಕ್ಕೆ ಕೂರುತ್ತಿದ್ದರು. ನಾನು ದೂರದಲ್ಲಿ ಕುಳಿತು ಅವರ ಎಲೆಯನ್ನು ನೋಡದೆ ಗೋಡೆ ನೋಡುತ್ತಿದ್ದೆ.

ಮಳೆಗಾಲ ಕಳೆದ ಮೇಲೆ ಅಪ್ಪ ಪದ್ದುವನ್ನು ಮತ್ತೆ ಡಾಕ್ಟರ ಹತ್ತಿರ ಕರೆದೊಯ್ದರು. ಎತ್ತಿಕೊಳ್ಳಲು ನನ್ನನ್ನೂ ಕರೆದರು. ಡಾಕ್ಟರು ಮೇಜಿನ ಮೇಲೆ ಮಗುವನ್ನು ಮಲಗಿಸಿ ಮೊಣಕಾಲುಗಳನ್ನು ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು.

"ಇಷ್ಟು ಹೊತ್ತಿಗೆ ಗುಣ ಕಾಣಬೇಕಾಗಿತ್ತಲ್ಲಾ. ಎಣ್ಣೆ ಸರಿಯಾಗಿ ಹೊಟ್ಟೆಗೆ ಹೋಗ್ತಿದೆಯೇನ್ರೀ?"

ಅಪ್ಪ ನನ್ನ ಕಡೆ ತಿರುಗಿದರು. ಕೋಪದಿಂದಲ್ಲ, ನಂಬಿಕೆಯಿಂದ. ನಾನು ಏನು ಹೇಳಿದರೂ ನಂಬುವ ಮುಖ ಅದು. ಆಗ ನಿಜ ಹೇಳಿದ್ದರೆ ಒಂದೆರಡು ಏಟು ಬೀಳುತ್ತಿತ್ತು, ಎಣ್ಣೆ ಮುಂದುವರಿಯುತ್ತಿತ್ತು. ಎಲುಬು ಇನ್ನೂ ಪೂರ್ತಿ ಗಟ್ಟಿಯಾಗಿರಲಿಲ್ಲ.

"ಕುಡಿಸ್ತೀನಿ ಡಾಕ್ಟ್ರೇ. ಉಗೀತಾಳೆ" ಎಂದೆ.

ಮೇಜಿನ ಮೇಲಿದ್ದ ಪದ್ದುವಿಗೆ ಮಾತು ಇನ್ನೂ ಸರಿಯಾಗಿ ಕೂಡುತ್ತಿರಲಿಲ್ಲ. ನಾನು ತನ್ನ ವಿಷಯವೇ ಹೇಳುತ್ತಿದ್ದೇನೆಂದು ತಿಳಿದು ನನ್ನನ್ನು ನೋಡಿ ನಕ್ಕಳು. ಮನೆಗೆ ಬಂದ ಮೇಲೆ ಅಪ್ಪ ತಾವೇ ಒಮ್ಮೆ ಕುಡಿಸಲು ಹೋದರು. ತಿಂಗಳುಗಟ್ಟಲೆ ಬೆಲ್ಲ ಕಂಡಿದ್ದ ಮಗು ಎಣ್ಣೆಯನ್ನು ಅಪ್ಪನ ಅಂಗಿಯ ಮೇಲೆ ಉಗಿಯಿತು. ನನ್ನ ಸುಳ್ಳಿಗೆ ಸಾಕ್ಷಿ ಸಿಕ್ಕಿದಂತಾಯಿತು. ಎಂದೂ ಕೈಯೆತ್ತದ ಅಪ್ಪ ಅವಳ ಬೆನ್ನಿಗೆ ಹೊಡೆದರು. ಹೊಡೆದವರು ವರಾಂಡಕ್ಕೆ ಹೋಗಿ ಮುಖ ಮುಚ್ಚಿಕೊಂಡು ಕುಳಿತರು. ಅಜ್ಜಿ ಅಳುವ ಮಗುವನ್ನು ಮಡಿಯನ್ನೂ ಮರೆತು ಎತ್ತಿಕೊಂಡರು.

"ನಮ್ಮ ವಂಶದ ಕೂಸು, ಬಾಯಿಗೆ ಹಾಕಿದ್ರೂ ಹೊಟ್ಟೆಗೆ ಬಿಟ್ಕೊಳ್ಳಲಿಲ್ಲ. ಸಾಕು ಬಿಡೋ, ಇನ್ನು ಆ ಎಣ್ಣೆ ಬೇಡ."

ಅಪ್ಪ ಸೋತರು. ಎಣ್ಣೆ ನಿಂತಿತು. ಅಮ್ಮ ಮಾತ್ರ ಕಾಗೆಗೆ ಅನ್ನ ಇಡುವುದನ್ನು ನಿಲ್ಲಿಸಲಿಲ್ಲ. "ಅದು ಸತ್ತಿದ್ದು ಸತ್ತಿದ್ದೇ ಅಲ್ವಾ" ಎಂದಳು. ತನ್ನದಲ್ಲದ ಪಾಪವೊಂದಕ್ಕೆ ಅವಳು ದಿನವೂ ಅನ್ನ ಇಡುವುದನ್ನು ನೋಡಿಕೊಂಡು ನಾನು ದೊಡ್ಡವಳಾದೆ.

ಪದ್ದು ಶಾಲೆಗೆ ಸೇರುವ ವಯಸ್ಸಿಗೆ ಅಷ್ಟು ದೂರ ನಡೆಯಲಾರಳು ಎಂದು ಗೊತ್ತಾಯಿತು. ಅವಳನ್ನು ಹೊತ್ತೊಯ್ಯಲು ಒಬ್ಬರು ಬೇಕು. ನನ್ನ ಓದನ್ನು ಬಿಡಿಸಿದರು. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ಕ್ಲಾಸಿನೊಳಗೆ ಬಿಟ್ಟು, ಹೊರಗೆ ಹೊಂಗೆಮರದ ಕೆಳಗೆ ಕುಳಿತು ಹೂವು ಕಟ್ಟುತ್ತಿದ್ದೆ. ದಾರಿಯಲ್ಲಿ ಹುಡುಗರು "ಬಿಲ್ಲು ಬಂತು, ಬಾಣ ಎಲ್ಲೋ?" ಎನ್ನುತ್ತಿದ್ದರು. ಪದ್ದು ನನ್ನ ಕಿವಿಯಲ್ಲಿ, "ಅಕ್ಕ, ಬಾಣ ನೀನೇ ಅಂತ ಹೇಳು" ಎಂದು ಕಿಸಕ್ಕನೆ ನಗುತ್ತಿದ್ದಳು. ಅವಳು ಚೆನ್ನಾಗಿ ಓದಿದಳು, ಪಾಠ ಹೇಳುವ ಮೇಡಂ ಆದಳು. ಸನ್ಮಾನ, ಆರತಕ್ಷತೆ, ಎಲ್ಲಿ ಹೋದರೂ ನನ್ನ ತೋಳು ಹಿಡಿದು ಪರಿಚಯ ಮಾಡಿಸುತ್ತಿದ್ದಳು: "ಇವಳು ನಮ್ಮಕ್ಕ. ತಾನು ಓದು ಬಿಟ್ಟು ನನ್ನ ಹೊತ್ತು ಓದಿಸಿದ್ಲು." ಜನ ಕೈಮುಗಿಯುತ್ತಿದ್ದರು. ನಾನೂ ಮುಗಿಯುತ್ತಿದ್ದೆ.

ವಾಸು ಮಾವ ಕಾರ್ಖಾನೆಯ ಕೆಲಸ ಬಿಟ್ಟು ಬಂದದ್ದು ನನ್ನ ಮದುವೆಯ ಹೊತ್ತಿಗೆ. ಆ ವೇಳೆಗೆ ಅಜ್ಜಿ ಇರಲಿಲ್ಲ. ಅವನು ನೇರವಾಗಿ ಮುಂಬಾಗಿಲಿನಿಂದ ಬಂದ. ಮೊದಲಿನ ತಮಾಷೆ ಇರಲಿಲ್ಲ.

"ಈಗ ಔಷಧೀನ ಬೇರೆ ರೀತಿ ಮಾಡ್ತಾರಂತೆ ಅಕ್ಕ, ಮೀನು ಬೇಕೇ ಇಲ್ಲ. ಬೇಡ ಅನ್ನೋ ಹೊತ್ತಿಗೆ ಅದೂ ಕಡಿಮೆ ಆಗಿದೆ. ಕೊನೆಕೊನೆಗೆ ನನ್ನ ತೋಳಿನಷ್ಟುದ್ದದ ಮರಿಗಳನ್ನೂ ತಂದು ಹಾಕ್ತಿದ್ರು. ಸಮುದ್ರ ಅಂದ್ರೆ ಮುಗಿಯೋದಲ್ಲ ಅಂತ ನಾವೆಲ್ಲ ತಿಳ್ಕೊಂಡಿದ್ವಿ."

ಅಮ್ಮ ಅವನ ಮುಂದೆ ಕಾಫಿ ಇಟ್ಟು, "ನಮ್ಮ ಪದ್ದೂಗೆ ಅಂತ ಎಷ್ಟು ತಂದ್ಯೋ ಪಾಪ" ಎಂದಳು. ಅವನು ತಲೆ ತಗ್ಗಿಸಿದ. ತಂದವನಿಗೆ ನಾಚಿಕೆ, ಪಾಪ ತನಗಿರಲಿ ಎಂದವಳಿಗೆ ನೋವು. ಸುರಿದವಳು ಮದುವೆಯ ಅರಿಶಿನ ಹಚ್ಚಿಕೊಂಡು ಅಲ್ಲೇ ಕುಳಿತಿದ್ದೆ.

ನಾನು ಸಮುದ್ರ ನೋಡಿದ್ದು ಮೊಮ್ಮಕ್ಕಳಾದ ಮೇಲೆ. ಉಡುಪಿಗೆ ಹೋದಾಗ ಮಲ್ಪೆಯ ದಡಕ್ಕೆ ಕರೆದೊಯ್ದರು. ಎಲ್ಲರೂ ನೀರಿಗಿಳಿದರು, ನಾನು ಇಳಿಯಲಿಲ್ಲ. ಮೀನುಗಾರ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಕುಳಿತಿದ್ದಳು. ದೊಡ್ಡ ಮೀನು ಈಗ ಎಲ್ಲಿ ಅಮ್ಮಾ, ನೀರೂ ಮೊದಲಿನ ಹಾಗೆ ತಣ್ಣಗಿಲ್ಲ, ಬಲೆಗೆ ಪ್ಲಾಸ್ಟಿಕ್ಕೇ ಬರ್ತದೆ ಎಂದಳು. ಈ ಅನ್ಯಾಯವನ್ನೆಲ್ಲ ಮಾಡಿದವರು ಬೇರೆ ಯಾರೋ ದೊಡ್ಡವರು ಎಂದು ಟಿವಿಯಲ್ಲಿ ಕೇಳುವಾಗ ಅನ್ನಿಸುತ್ತದೆ. ಅವರ ಪಾಲು ಅವರದು. ಸಮುದ್ರವೇ ಕಾಣದ ಊರಿನಲ್ಲಿ, ಬಚ್ಚಲಮನೆಯ ಹಿಂದೆ ನಿಂತು, ಒಂದು ಜೀವದ ಸಾವನ್ನು ಉಪಯೋಗಕ್ಕೂ ಬಾರದಂತೆ ಚೆಲ್ಲಿದವಳು ನಾನು. ಮೀನು ತಿನ್ನದ ಮನೆಯವಳು ಎಂಬ ಮಾತು ನನಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಕಳೆದ ವರ್ಷ ಪದ್ದುವಿಗೆ ಮೊಣಕಾಲು ನೋವು ತಡೆಯಲಾಗದೆ, ಜೆ.ಪಿ. ನಗರದ ಒಂದು ಆಸ್ಪತ್ರೆಗೆ ಇಬ್ಬರೂ ಆಟೋದಲ್ಲಿ ಹೋದೆವು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದಳು. ಎಲುಬುಗಳು ಅಲ್ಲಿಯೂ ಬಿಲ್ಲಿನಂತೆಯೇ ಇದ್ದವು.

"ಇದು ಚಿಕ್ಕಂದಿನಿಂದ ಬಂದಿರೋದು ಮೇಡಂ. ಆಗ ಟ್ರೀಟ್‌ಮೆಂಟ್ ಏನೂ ತಗೊಂಡಿರಲಿಲ್ವಾ?"

"ತರಿಸಿದ್ರು ಡಾಕ್ಟ್ರೇ, ಮೀನೆಣ್ಣೆ" ಎಂದು ಪದ್ದು ನಕ್ಕಳು. "ನಾನೇ ಉಗೀತಿದ್ನಂತೆ. ನಮ್ಮಪ್ಪ ಅಷ್ಟು ಜಗಳ ಆಡಿ ತರಿಸಿದ್ದು, ಪಾಪ ನಮ್ಮಕ್ಕ ದಿನಾ ಕುಡಿಸಿದ್ದು. ನಾನೇ ಮಾಡ್ಕೊಂಡಿದ್ದು, ಯಾರನ್ನ ಅನ್ನಲಿ? ಕೊನೇವರ್ಗೂ ನಮ್ಮಪ್ಪ ನನ್ನ ಕಾಲು ನೋಡಿದಾಗೆಲ್ಲ ಮುಖ ತಿರುಗಿಸ್ತಿದ್ರು. ನನಗೆ ಎಷ್ಟು ನಾಚಿಕೆ ಆಗ್ತಿತ್ತು ಗೊತ್ತಾ."

ನಗುತ್ತಲೇ ಹೇಳುತ್ತಿದ್ದವಳ ದನಿ ಕೊನೆಯ ಮಾತಿಗೆ ಸಣ್ಣದಾಯಿತು. ಅವಳಿಗೆ ನಾಚಿಕೆಯಾಗುತ್ತಿತ್ತೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ತಮಾಷೆಯಾಗಿ ತೆಗೆದುಕೊಂಡಿದ್ದಾಳೆ ಎಂದುಕೊಂಡಿದ್ದೆ. ನನ್ನ ನಾಚಿಕೆಯನ್ನು ಬದುಕೆಲ್ಲ ಅವಳು ಹೊತ್ತಿದ್ದಳು.

"ಇವಳು ಉಗೀಲಿಲ್ಲ ಡಾಕ್ಟ್ರೇ" ಎಂದೆ.

"ನಿಂಗೆ ಮರ್ತುಹೋಗಿದೆ ಅಕ್ಕ. ಮನೇಲಿ ಎಲ್ಲಾರೂ ಹೇಳ್ತಿದ್ರು."

"ಎಲ್ಲಾರ್ಗೂ ಹೇಳಿದ್ದು ನಾನು."

ಪದ್ದು ನನ್ನ ಮುಖ ನೋಡಿದಳು. ಡಾಕ್ಟರು ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟಳು. ನಾನು ತಂಗಿಯ ಕಡೆ ಕುರ್ಚಿ ತಿರುಗಿಸಿಕೊಂಡು, ಕೇಳಿಸುವಂತೆ ಹೇಳಿದೆ.

"ನಾನು ನಿಂಗೆ ಕೊಡ್ಲೇ ಇಲ್ಲ ಪದ್ದು. ಕೈ ವಾಸನೆ ಬರುತ್ತೆ ಅಂತ ಬಾಳೆಗಿಡಕ್ಕೆ ಹೊಯ್ದೆ. ಸಿಕ್ಕಿಹಾಕ್ಕೋತೀನಿ ಅಂತ ನಿನ್ನ ಮೇಲೆ ಸುಳ್ಳು ಹೇಳ್ದೆ. ಆ ಮೀನು ಸತ್ತಿದ್ದೂ ದಂಡವಾಯ್ತು, ನಿನ್ನ ಕಾಲೂ ಹಾಳಾಯ್ತು. ಅಪ್ಪ ಮುಖ ತಿರುಗಿಸಬೇಕಾಗಿದ್ದು ನನ್ನ ನೋಡಿ, ನಿನ್ನ ನೋಡಿ ಅಲ್ಲ. ನೀನು ಏನೂ ಮಾಡ್ಲಿಲ್ಲ ಕಣೇ. ತಪ್ಪೆಲ್ಲ ನಂದು. ನನ್ನ ಕ್ಷಮಿಸಮ್ಮ."